ಆಕ್ಸ್‌ಫರ್ಡ್‌ಗೆ ಒಂದೇ ದಿನ, ಜೊತೆಗೆ ಮಂಡಿನೋವಿನ ಅಪ್ಪ: ಯೂನಿವರ್ಸಿಟಿ ನೋಡೋಕೆ ಎಲ್ಲಿಗೆ ಹೋಗ್ಬೇಕು?

ಸುಮಾ_ಪುಟಗಳು
ಎಲ್ರಿಗೂ ನಮಸ್ಕಾರ. ಜೂನ್ ಮೊದಲ ವಾರ ಅಪ್ಪ ಲಂಡನ್‌ಗೆ ನನ್ನ ಹತ್ರ ಬರ್ತಿದಾರೆ. ಮೂವತ್ತೆರಡು ವರ್ಷ ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡಿ ರಿಟೈರ್ ಆದವ್ರು. ಬೇರೆ ಏನೂ ಕೇಳಿಲ್ಲ, "ಆಕ್ಸ್‌ಫರ್ಡ್ ಒಂದ್ಸಲ ತೋರಿಸಮ್ಮ" ಅಂದಿದಾರೆ ಅಷ್ಟೇ. ನಂಗೆ ಸಿಗೋದು ಒಂದು ಗುರುವಾರ ರಜೆ. ಅಪ್ಪಂಗೆ ಎರಡೂ ಮಂಡಿ ನೋವು, ಅರ್ಧ ಗಂಟೆ ನಡೆದ್ರೆ ಕೂರ್ಬೇಕು.

ನನ್ನ ಭಯ ಏನಂದ್ರೆ ಎರಡು ವರ್ಷದ ಹಿಂದೆ ನಾನೊಬ್ಳೇ ಹೋಗಿದ್ದೆ, ಪೂರ್ತಿ ದಿನ ಹಾಳಾಯ್ತು. ಸ್ಟೇಷನ್‌ನಲ್ಲಿ ಇಳಿದು ಫೋನಲ್ಲಿ ಯೂನಿವರ್ಸಿಟಿ ಅಂತ ಹಾಕ್ದೆ, ಅದು ಯಾವ್ದೋ ಆಫೀಸ್ ಕಟ್ಟಡದ ಮುಂದೆ ತಂದು ನಿಲ್ಲಿಸ್ತು. ಅಲ್ಲಿಂದ ಮೇನ್ ಗೇಟ್ ಎಲ್ಲಿ ಅಂತ ಹುಡುಕ್ತಾ ಹುಡುಕ್ತಾ ಮಧ್ಯಾಹ್ನ ಆಯ್ತು. ಹೋದಲ್ಲೆಲ್ಲ ದೊಡ್ಡ ಮರದ ಬಾಗಿಲು, ಪಕ್ಕದಲ್ಲಿ "ವಿಸಿಟರ್ಸ್‌ಗೆ ಇವತ್ತು ಪ್ರವೇಶ ಇಲ್ಲ" ಅನ್ನೋ ಬೋರ್ಡು. ಕೊನೆಗೆ ಒಬ್ಬ ಅಜ್ಜನ್ನ ಕೇಳಿದ್ರೆ "ನೀವು ಬೆಳಗ್ಗೆಯಿಂದ ಅದ್ರೊಳಗೇ ಇದೀರಲ್ಲ" ಅಂದ್ರು. ಅಪ್ಪಂಗೆ ಹಂಗಾಗ್ಬಾರ್ದು. ದಯವಿಟ್ಟು ಹೇಳಿ, ಯೂನಿವರ್ಸಿಟಿ ನೋಡ್ದೆ ಅಂತ ಅವರಿಗೆ ಅನ್ನಿಸ್ಬೇಕಾದ್ರೆ ಎಲ್ಲಿಂದ ಶುರು ಮಾಡ್ಬೇಕು?

ಅಲೆಮಾರಿ_ಅನಂತು
ಸುಮಾ ಅವ್ರೆ, ನಿಮಗಾಗಿದ್ದು ಎಷ್ಟು ಹಳೇ ಅನುಭವ ಅಂದ್ರೆ ಅದು ತತ್ವಶಾಸ್ತ್ರದ ಉದಾಹರಣೆನೇ ಆಗ್ಬಿಟ್ಟಿದೆ. ಗಿಲ್ಬರ್ಟ್ ರೈಲ್ ಅಂತ ಆಕ್ಸ್‌ಫರ್ಡ್‌ನಲ್ಲೇ ಇದ್ದ ತತ್ವಶಾಸ್ತ್ರಜ್ಞ, 1949ರಲ್ಲಿ ಬರೆದಿದ್ದು. ಹೊರಗಿನಿಂದ ಬಂದ ಒಬ್ಬನಿಗೆ ಕಾಲೇಜು, ಲೈಬ್ರರಿ, ಆಟದ ಮೈದಾನ, ಮ್ಯೂಸಿಯಂ, ಆಫೀಸು ಎಲ್ಲ ತೋರಿಸ್ತಾರೆ, ಎಲ್ಲ ನೋಡಿ ಆದ್ಮೇಲೆ ಅವನು "ಇದೆಲ್ಲ ಸರಿ, ಯೂನಿವರ್ಸಿಟಿ ಎಲ್ಲಿ?" ಅಂತ ಕೇಳ್ತಾನೆ. ಅವನು ನೋಡಿದ್ದೆಲ್ಲ ಒಟ್ಟು ಸೇರಿರೋ ರೀತಿನೇ ಯೂನಿವರ್ಸಿಟಿ, ಅದರ ಪಕ್ಕದಲ್ಲಿ ಇನ್ನೊಂದು ಕಟ್ಟಡ ಇಲ್ಲ. ಮನಸ್ಸು ದೇಹ ಬೇರೆ ಬೇರೆ ಅನ್ನೋ ವಾದ ತಪ್ಪು ಅಂತ ತೋರಿಸೋಕೆ ರೈಲ್ ಇದನ್ನ ಬಳಸಿದ್ದು. ಹಾಗಾಗಿ ನೀವು ದಾರಿ ತಪ್ಪಲಿಲ್ಲ, ಹೊರಗಿನಿಂದ ಬಂದ ಎಲ್ರೂ ಕೇಳೋ ಪ್ರಶ್ನೆನೇ ಕೇಳಿದ್ರಿ.

ಕಡಲತಡಿ
ಅನಂತು ಅವರೆ, ಫಿಲಾಸಫಿ ಒಳ್ಳೇದೇ ಮಾರಾಯ್ರೆ, ಆದ್ರೆ ಅವರ ತಂದೆಗೆ ಮಂಡಿನೋವು ಉಂಟು. ಕುತ್ಕೊಳ್ಳಿಕ್ಕೆ ಜಾಗ ಎಲ್ಲಿ ಅಂತ ಮೊದಲು ಹೇಳಿ.

ಹಳೇಸೈಕಲ್
ನಾನು ಅಲ್ಲಿ ಎರಡು ವರ್ಷ ಓದಿದೀನಿ, ಹೇಳ್ತೀನಿ ಕೇಳಿ ಅಕ್ಕ. ಆಕ್ಸ್‌ಫರ್ಡ್‌ನಲ್ಲಿ ಕ್ಯಾಂಪಸ್ ಅನ್ನೋದು ಇಲ್ಲ. 30ಕ್ಕೂ ಹೆಚ್ಚು ಕಾಲೇಜು, ಹೆಚ್ಚಿನವಕ್ಕೆ ಸ್ವಂತ ಗೋಡೆ, ಸ್ವಂತ ಚಾಪೆಲ್, ಸ್ವಂತ ಊಟದ ಹಾಲ್, ಸ್ವಂತ ದುಡ್ಡು. ಇರೋದು, ಉಣ್ಣೋದು, ಮೇಷ್ಟ್ರ ಎದುರು ಕೂತು ಟ್ಯುಟೋರಿಯಲ್ ಮಾಡೋದು ಕಾಲೇಜಲ್ಲಿ. ಪರೀಕ್ಷೆ, ಡಿಗ್ರಿ, ದೊಡ್ಡ ಲೈಬ್ರರಿ, ಲ್ಯಾಬ್ ಇವೆಲ್ಲ ಯೂನಿವರ್ಸಿಟಿದು. ಮಧ್ಯದಲ್ಲಿ ಬಸ್ಸು, ಬ್ಯಾಂಕು, ತರಕಾರಿ ಮಾರ್ಕೆಟ್ಟು. ಊರಿನ ಒಳಗೆ ಯೂನಿವರ್ಸಿಟಿ ಇದೆಯೋ ಯೂನಿವರ್ಸಿಟಿ ಒಳಗೆ ಊರಿದೆಯೋ ಅಂತ ಎರಡು ವರ್ಷ ಆದ್ರೂ ನಂಗೆ ಹೇಳೋಕಾಗ್ಲಿಲ್ಲ.

ಆದ್ರೆ "ಇಲ್ಲಿಂದ ಶುರು" ಅಂತ ಬೆರಳು ತೋರಿಸೋ ಜಾಗ ಒಂದಿದೆ: ಹೈ ಸ್ಟ್ರೀಟಲ್ಲಿರೋ ಸೇಂಟ್ ಮೇರಿ ಚರ್ಚು. ಯೂನಿವರ್ಸಿಟಿ ಹುಟ್ಟಿದ ಕಾಲಕ್ಕೆ ಅದಕ್ಕೆ ಸ್ವಂತ ಸೂರೇ ಇರ್ಲಿಲ್ಲ. ಸಭೆ ಇಲ್ಲೇ, ಪದವಿ ಕೊಡೋದು ಇಲ್ಲೇ, 1320ರ ಹೊತ್ತಿಗೆ ಪಕ್ಕಕ್ಕೆ ಎರಡಂತಸ್ತಿನ ಒಂದು ಕಟ್ಟಡ ಅಂಟಿಸ್ಕೊಂಡು ಕೆಳಗೆ ಸಭೆ, ಮೇಲೆ ಪುಸ್ತಕ. ಮೊದಲ ಲೈಬ್ರರಿ ಅದೇ. ಒಳಗೆ ಹೋಗೋಕೆ ದುಡ್ಡಿಲ್ಲ, ಬೆಂಚು ಬೇಕಾದಷ್ಟಿದೆ. ಗೋಪುರ ಹತ್ತೋಕೆ ಮಾತ್ರ ಟಿಕೆಟ್, ಅದು 127 ಮೆಟ್ಟಿಲು, ಕಿರಿದು, ಸುತ್ತು. ಅಪ್ಪಂಗೆ ಬೇಡ.

ಓದುಮನೆ
ಸೇಂಟ್ ಮೇರಿ ಅಂದ್ರಲ್ಲ, ಅವರ ತಂದೆ ಇತಿಹಾಸದ ಮೇಷ್ಟ್ರು ಅಂತಿದಾರೆ, ಹಾಗಾದ್ರೆ ಒಂದು ಕಂಬ ತಪ್ಪದೆ ತೋರಿಸಿ. ಒಳಗಿನ ಒಂದು ಕಂಬದಲ್ಲಿ ಕಲ್ಲು ಕೆತ್ತಿ ತೆಗೆದ ಗುರುತಿದೆ. 1556ರಲ್ಲಿ ಆರ್ಚ್‌ಬಿಷಪ್ ಕ್ರ್ಯಾನ್ಮರ್‌ನ ನಿಲ್ಲಿಸೋಕೆ ಹಲಗೆ ವೇದಿಕೆ ಕಟ್ಟಿದ್ರು, ಅದನ್ನ ಕೂರಿಸೋಕೆ ಕಡಿದಿದ್ದು ಅದು. ಅವನು ಮೊದಲು ಹೆದರಿ ತನ್ನ ಪ್ರೊಟೆಸ್ಟಂಟ್ ನಂಬಿಕೆ ಬಿಟ್ಟೆ ಅಂತ ಬರ್ಕೊಟ್ಟಿದ್ದ. ಎಲ್ಲರ ಮುಂದೆ ಅದನ್ನೇ ಓದ್ತಾನೆ ಅಂದ್ಕೊಂಡು ವೇದಿಕೆ ಹತ್ತಿಸಿದ್ರು. ಅಲ್ಲಿ ನಿಂತು ಅವನು ಮಾತು ತಿರುಗಿಸಿ, ಬರ್ಕೊಟ್ಟಿದ್ದೆಲ್ಲ ಸುಳ್ಳು, ಅದನ್ನ ಬರೆದ ಈ ಕೈನೇ ಮೊದಲು ಸುಡಲಿ ಅಂದ. ಅವತ್ತೇ ಎಳ್ಕೊಂಡ್ಹೋಗಿ ಸುಟ್ರು, ಬಲಗೈ ಮೊದಲು ಬೆಂಕಿಗೆ ಚಾಚಿದ ಅಂತ ದಾಖಲೆ ಇದೆ. ಸುಟ್ಟ ಜಾಗ ಬ್ರಾಡ್ ಸ್ಟ್ರೀಟ್ ರಸ್ತೆ ಮಧ್ಯದಲ್ಲಿ, ನೆಲದಲ್ಲಿ ಕಲ್ಲಿನ ಒಂದು ಶಿಲುಬೆ ಗುರುತು ಅಷ್ಟೇ. ನಾನು ಅದರ ಮೇಲೆ ಮೂರು ಸಲ ನಡೆದುಹೋಗಿದ್ದೆ ಗೊತ್ತಿಲ್ದೆ.

ಜೋಳದಹೊಲ
ಚರ್ಚ್ ಖರೇ ಛಲೋ ಐತ್ರಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಯೂನಿವರ್ಸಿಟಿ ನೋಡಾಕ ಬಂದು ಚರ್ಚಿನಾಗ ಕುಂಡ್ರಿಸಿದ್ರ ಅಪ್ಪಾಜಿ ಏನಂತಾರ? ಬೋಡ್ಲಿಯನ್ ಲೈಬ್ರರಿಗಿ ಮೊದಲ ಹೋಗ್ರಿ. ಅಲ್ಲಿ ಕೆಳಗ ಡಿವಿನಿಟಿ ಸ್ಕೂಲ್ ಅಂತ ಐತಿ, 1427ಕ್ಕ ಕಟ್ಟಾಕ ಚಾಲೂ ಮಾಡಿ ಮುಗಿಸೂದ್ರಾಗ ಐವತ್ತು ವರ್ಷದ ಮ್ಯಾಲಾತು, ನಡುವ ನಡುವ ರೊಕ್ಕ ಖಾಲಿ ಆಗ್ತಿತ್ತು. ಮ್ಯಾಲಿನ ಛತ್ತು ನೋಡ್ರಿ, ಕಲ್ಲಿನ ಹೆಣಿಗಿ ಅದು, 455 ಉಬ್ಬಿದ ಕಲ್ಲಿನ ಗುಂಡು ಅದಾವ, ಒಂದೊಂದರಾಗ ಒಂದೊಂದು ಕೆತ್ತನಿ, ರೊಕ್ಕಾ ಕೊಟ್ಟವರ ಲಾಂಛನ. ಪಾಠ ಹೇಳೂ ಸಲುವಾಗೇ ಯೂನಿವರ್ಸಿಟಿ ಕಟ್ಟಿಸಿದ ಮೊದಲನೇ ಕೋಣಿ. ಗೋಡಿಗುಂಟ ಕಲ್ಲಿನ ಕಟ್ಟಿ ಐತಿ, ನಾ ಅದರ ಮ್ಯಾಲ ಕುಂತು ಅರ್ಧಾ ತಾಸು ಬರೇ ಮ್ಯಾಲ ನೋಡೀನಿ, ಕುತ್ತಿಗಿ ಹಿಡಕೊಂಡ್ರೂ ಬ್ಯಾಸರ ಆಗಿಲ್ಲ.

ಓದುಮನೆ
ಅದರ ಮೇಲಂತಸ್ತು ಡ್ಯೂಕ್ ಹಂಫ್ರಿ ಲೈಬ್ರರಿ, 1488ರಲ್ಲಿ ತೆರೆದಿದ್ದು. ಅದಕ್ಕೆ ಗೈಡ್ ಜೊತೆಗಿನ ಟೂರ್ ಬೇಕು, ಮುಂಚೆನೇ ಬುಕ್ ಮಾಡಿ. ಅರವತ್ತೆಪ್ಪತ್ತು ವರ್ಷದಲ್ಲೇ ಅದು ಬರಿದಾಗಿಬಿಡ್ತು, ಧರ್ಮ ಬದಲಾದಾಗ ಪುಸ್ತಕ ಎಲ್ಲ ಹೊರಗೆ ಹಾಕಿದ್ರು. ಥಾಮಸ್ ಬೋಡ್ಲಿ ಅನ್ನೋ ರಾಜತಾಂತ್ರಿಕ ರಿಟೈರ್ ಆಗಿ ಸ್ವಂತ ದುಡ್ಡು ಹಾಕಿ 1602ರಲ್ಲಿ ಮತ್ತೆ ಬಾಗಿಲು ತೆರೆಸಿದ. 1610ರಲ್ಲಿ ಲಂಡನ್ ಪ್ರಕಾಶಕರ ಸಂಘದ ಜೊತೆ ಒಪ್ಪಂದ ಮಾಡ್ಕೊಂಡು ಅಚ್ಚಾದ ಪ್ರತಿ ಪುಸ್ತಕದ ಒಂದು ಪ್ರತಿ ಬರೋಹಂಗೆ ಮಾಡ್ದ. ಪುಸ್ತಕ ಹೊರಗೆ ಕೊಡಲ್ಲ ಅನ್ನೋದು ನಿಯಮ. 1645ರಲ್ಲಿ ಯುದ್ಧದ ಮಧ್ಯೆ ಒಂದನೇ ಚಾರ್ಲ್ಸ್ ರಾಜ ಒಂದು ಪುಸ್ತಕ ಕೇಳಿ ಕಳಿಸಿದ್ರೆ ಲೈಬ್ರೇರಿಯನ್ ಇಲ್ಲ ಅಂದ. ಆಮೇಲೆ ರಾಜನ ತಲೆ ತೆಗೆಸಿದ ಕ್ರಾಮ್‌ವೆಲ್ ಕಡೆಯಿಂದ ಬೇಡಿಕೆ ಬಂದಾಗ್ಲೂ ಅದೇ ಉತ್ತರ. ಎರಡು ಪಕ್ಷಕ್ಕೂ ಒಂದೇ ನ್ಯಾಯ ಮಾಡಿದ ಲೈಬ್ರರಿ ಅಂದ್ರೆ ನಂಗೆ ಕಣ್ಣು ತುಂಬುತ್ತೆ, ನಾನೂ ಲೈಬ್ರೇರಿಯನ್ ಆಗಿದ್ದವಳು.

ಕಪ್ಪುಹಲಗೆ
ಓದುಗರು ಇವತ್ತಿಗೂ ಅಲ್ಲಿ ಪ್ರಮಾಣ ಮಾಡ್ಬೇಕು, ಲೈಬ್ರರಿಯೊಳಗೆ ಬೆಂಕಿ ತರಲ್ಲ, ಹೊತ್ತಿಸಲ್ಲ ಅಂತ.

ಹಳೇಸೈಕಲ್
ಹೌದು, ನಾನೂ ಮಾಡಿದೀನಿ. ಚಳಿಗಾಲದಲ್ಲಿ ಒಲೆ ಹಾಕ್ತಿರ್ಲಿಲ್ಲ ಅದಕ್ಕೇ, ಶತಮಾನಗಟ್ಟಲೆ ಜನ ನಡುಗ್ತಾನೇ ಓದಿದ್ರು.

ಪಯಣಿಗ_07
ಪ್ರಪಂಚದ ಮೊದಲ ಯೂನಿವರ್ಸಿಟಿ ಆಕ್ಸ್‌ಫರ್ಡ್, ಒಬ್ಬ ಇತಿಹಾಸದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ 🙏

ಅಲೆಮಾರಿ_ಅನಂತು
ಪಯಣಿಗ ಅವ್ರೆ, ಮೊದಲನೇದಲ್ಲ. ಇಟಲಿಯ ಬೊಲೋನ್ಯಾ 1088 ಅಂತ ಲೆಕ್ಕ. ಆಕ್ಸ್‌ಫರ್ಡ್‌ನಲ್ಲಿ 1096ರಲ್ಲೇ ಪಾಠ ನಡೀತಿತ್ತು ಅಂತಾರೆ, ಆದ್ರೆ ಸ್ಥಾಪನೆ ಆದ ದಿನ ಅಂತ ಒಂದಿಲ್ಲ. ಬೆಳೆದಿದ್ದು 1167ರಿಂದ, ಎರಡನೇ ಹೆನ್ರಿ ರಾಜ ಇಂಗ್ಲಿಷ್ ವಿದ್ಯಾರ್ಥಿಗಳು ಪ್ಯಾರಿಸ್‌ಗೆ ಹೋಗ್ಬಾರ್ದು ಅಂದ್ಮೇಲೆ. ಇಂಗ್ಲಿಷ್ ಮಾತಾಡೋ ಜಗತ್ತಿನಲ್ಲಿ ಹಳೇದು ಅಂದ್ರೆ ಸರಿ.

ಕಡಲತಡಿ
ಬೊಲೋನ್ಯಾಕ್ಕೆ ನಾನು ಹೋಗಿದ್ದೇನೆ. ಅಲ್ಲಿಯೂ ಇದೇ ಕಥೆ, ಗೇಟು ಇಲ್ಲ, ಊರಿಡೀ ಯೂನಿವರ್ಸಿಟಿ. ಆರ್ಕಿಜಿನ್ನಾಸಿಯೋ ಅಂತ ಹಳೇ ಕಟ್ಟಡ ಉಂಟು, 1563ರದ್ದು. ಗೋಡೆ, ಮಾಡು, ಮೆಟ್ಟಿಲು ಎಲ್ಲಿ ನೋಡಿದ್ರೂ ಹಳೇ ವಿದ್ಯಾರ್ಥಿಗಳ ಲಾಂಛನ, ಸಾವಿರಗಟ್ಟಲೆ. ಒಳಗೆ ಹೆಣ ಕೊಯ್ದು ಪಾಠ ಮಾಡ್ತಿದ್ದ ಅನಾಟಮಿ ಥಿಯೇಟರ್, ಪೂರ್ತಿ ಮರದ್ದು, ನಡುವಲ್ಲಿ ಅಮೃತಶಿಲೆಯ ಮೇಜು. 1944ರ ಬಾಂಬಿಗೆ ಅದು ಪುಡಿಪುಡಿ ಆಗಿತ್ತಂತೆ. ಅವಶೇಷದಲ್ಲಿ ಸಿಕ್ಕಿದ ಮರದ ಮೂರ್ತಿಗಳನ್ನೇ ಹೆಕ್ಕಿ ಪುನಃ ಕೂರಿಸಿದ್ದಾರೆ. ಅಷ್ಟು ಪ್ರೀತಿ ಉಂಟು ನೋಡಿ.

ಓದುಮನೆ
ಹಂಗಾದ್ರೆ ಪೋರ್ಚುಗಲ್‌ನ ಕೊಯಿಂಬ್ರಾನೂ ಸೇರಿಸಿ. ಅಲ್ಲಿನ ಹಳೇ ಲೈಬ್ರರಿಯಲ್ಲಿ ಬಾವಲಿಗಳಿವೆ, ಪುಸ್ತಕ ತಿನ್ನೋ ಹುಳ ಅವು ತಿಂತಾವೆ, ರಾತ್ರಿ ಮೇಜುಗಳ ಮೇಲೆ ಚರ್ಮದ ಹೊದಿಕೆ ಹಾಸಿ ಬೆಳಗ್ಗೆ ಕ್ಲೀನ್ ಮಾಡ್ತಾರೆ. ಇದನ್ನ ಕೇಳಿ ಒಂದು ವಾರ ಎಲ್ರಿಗೂ ಹೇಳ್ಕೊಂಡು ಓಡಾಡಿದೀನಿ.

ಸುಮಾ_ಪುಟಗಳು
ಬಾವಲಿ ಕಥೆ ಅಪ್ಪಂಗೆ ಫೋನಲ್ಲಿ ಹೇಳ್ದೆ, ಈಗ ಕೊಯಿಂಬ್ರಾನೂ ಬೇಕಂತೆ 😄 ದಯವಿಟ್ಟು ಆಕ್ಸ್‌ಫರ್ಡ್‌ಗೆ ವಾಪಸ್ ಬನ್ನಿ. ಕಾಲೇಜು ಎಷ್ಟು ನೋಡ್ಬೇಕು? ಕ್ರೈಸ್ಟ್ ಚರ್ಚ್ ಬಿಡಲೇಬಾರ್ದು ಅಂತ ಎಲ್ರೂ ಹೇಳ್ತಾರೆ, ಆ ಹ್ಯಾರಿ ಪಾಟರ್ ಸಿನಿಮಾದ ಊಟದ ಹಾಲ್ ಇರೋದು.

ಜೋಳದಹೊಲ
ಬಿಡ್ರಿ ಅದನ್ನ. ಸರದಿ ಎಷ್ಟ್ ಉದ್ದ ಇರ್ತದ ಗೊತ್ತೇನು? ನಿಂತು ನಿಂತು ಅಪ್ಪಾಜಿ ಮಂಡಿ ಹೋಗ್ತಾವ. ಅಲ್ಲದ ಹಾಲ್‌ನಾಗ ಚಿತ್ರೀಕರಣ ಆಗೇ ಇಲ್ಲ, ಅದನ್ನ ನೋಡಿ ಸ್ಟುಡಿಯೋದಾಗ ಸೆಟ್ ಹಾಕ್ಯಾರ. ಶೂಟಿಂಗ್ ಆಗಿದ್ದು ಹಾಲಿಗಿ ಹತ್ತೂ ಮೆಟ್ಟಿಲ ಮ್ಯಾಲ.

ಪಯಣಿಗ_07
ಸಿನಿಮಾ ಅಂತ ಕ್ರೈಸ್ಟ್ ಚರ್ಚ್ ಬಿಡೋದು ಅನ್ಯಾಯ ಸರ್. ಕಾರ್ಡಿನಲ್ ವುಲ್ಸಿ 1525ರಲ್ಲಿ ಶುರು ಮಾಡಿದ್ದು, ಅವನು ಬಿದ್ದುಹೋದ್ಮೇಲೆ ಎಂಟನೇ ಹೆನ್ರಿ ಕಿತ್ಕೊಂಡು 1546ರಲ್ಲಿ ಕ್ರೈಸ್ಟ್ ಚರ್ಚ್ ಅನ್ನೋ ಹೆಸರಲ್ಲಿ ಮತ್ತೆ ಸ್ಥಾಪಿಸಿದ. ಇಡೀ ಟ್ಯೂಡರ್ ಇತಿಹಾಸ ಒಂದು ಅಂಗಳದಲ್ಲಿ ಸಿಗುತ್ತೆ. ಅಲ್ಲಿನ ಚಾಪೆಲ್ಲೇ ಊರಿನ ಕ್ಯಾಥೆಡ್ರಲ್. ಟಾಮ್ ಟವರ್ ಕ್ರಿಸ್ಟೋಫರ್ ರೆನ್ ಕಟ್ಟಿದ್ದು. ಇತಿಹಾಸದ ಮೇಷ್ಟ್ರಿಗೆ ಇದು ಬೇಡ ಅಂದ್ರೆ ಇನ್ನೇನು ಬೇಕು?

ಹಳೇಸೈಕಲ್
ಇಬ್ರೂ ಸರಿನೇ. ಹೀಗೆ ಮಾಡಿ ಅಕ್ಕ: ಹಗಲು ಟಿಕೆಟ್ ತಗೊಂಡು ಸರದಿ ನಿಲ್ಬೇಡಿ. ಸಂಜೆ ಈವನ್‌ಸಾಂಗ್ ಪ್ರಾರ್ಥನೆಗೆ ಹೋಗಿ. ಟರ್ಮ್ ನಡೀತಿರುತ್ತೆ ಜೂನ್ ಮೊದಲ ವಾರ. ಕ್ರೈಸ್ಟ್ ಚರ್ಚ್, ಮ್ಯಾಗ್ಡಲೆನ್, ನ್ಯೂ ಕಾಲೇಜ್ ಮೂರಕ್ಕೂ ಹುಡುಗರ ದನಿ ಇರೋ ಕಾಯಿರ್, ಅಂದ್ರೆ ಹಾಡೋ ತಂಡ ಇದೆ. ಯಾರು ಬೇಕಾದ್ರೂ ಬರ್ಬೋದು, ದುಡ್ಡಿಲ್ಲ, ಮುಕ್ಕಾಲು ಗಂಟೆ ಕೂತು ಕೇಳ್ಬೋದು. ಯಾವ ದಿನ ಎಷ್ಟು ಹೊತ್ತಿಗೆ ಅಂತ ಕಾಲೇಜಿನ ಸೈಟಲ್ಲಿ ನೋಡ್ಕೊಳ್ಳಿ. ಮೇಣದಬತ್ತಿ ಬೆಳಕಲ್ಲಿ ಆ ಹಾಡು ಕೇಳಿದವ್ರು ಮರೆಯಲ್ಲ, ನಾನು ಯಾವ ಧರ್ಮಕ್ಕೂ ಸೇರಿದವನಲ್ಲ ಆದ್ರೂ ವಾರಕ್ಕೊಮ್ಮೆ ಹೋಗ್ತಿದ್ದೆ.

ಇನ್ನೊಂದು, ಹಿಂದಿನ ಸಲ ಬಾಗಿಲು ಹಾಕಿದ್ರು ಅಂದ್ರಲ್ಲ. ಕೆಲವು ಕಾಲೇಜು ಮಧ್ಯಾಹ್ನ ಮಾತ್ರ ಬಿಡ್ತವೆ, ಪರೀಕ್ಷೆ ಇದ್ದಾಗ ಕೆಲವು ಪೂರ್ತಿ ಮುಚ್ತವೆ. ಬಾಗಿಲ ಪಕ್ಕ ಪೋರ್ಟರ್ಸ್ ಲಾಡ್ಜ್ ಅಂತ ಇರುತ್ತೆ, ಅಲ್ಲಿರೋವ್ರನ್ನ ನಯವಾಗಿ ಕೇಳಿ. ಹುಲ್ಲಿನ ಮೇಲೆ ಮಾತ್ರ ಕಾಲಿಡ್ಬೇಡಿ.

ಕಡಲತಡಿ
ರಾಡ್‌ಕ್ಲಿಫ್ ಚೌಕದಲ್ಲಿ ನೆಲ ಪೂರಾ ದುಂಡುಕಲ್ಲು, ಅಪ್ಪನ ಕೈ ಹಿಡ್ಕೊಳ್ಳಿ, ಗಟ್ಟಿ ಶೂ ಹಾಕಿಸಿ. ಬೊಟಾನಿಕ್ ಗಾರ್ಡನ್‌ನಲ್ಲಿ ಬೆಂಚು ಧಾರಾಳ ಉಂಟು, ಅದು 1621ರದ್ದು, ಬ್ರಿಟನ್ನಿನಲ್ಲೇ ಹಳೇದು. ಮಧ್ಯಾಹ್ನದ ಊಟ ಕಟ್ಟಿಕೊಂಡು ಹೋದ್ರೆ ಒಳ್ಳೇದು.

ಮರಗೆಲಸ_ಮನೆತನ
ನ್ಯೂ ಕಾಲೇಜ್ ಹೆಸರು ಬಂತಲ್ಲ, ಆ ಕಥೆ ಯಾರೂ ಹೇಳ್ಲಿಲ್ವಾ? 1379ರ ಕಾಲೇಜು, ಊಟದ ಹಾಲಿನ ತೊಲೆಗಳಿಗೆ ಹುಳ ಹಿಡೀತು. ಅಷ್ಟು ದೊಡ್ಡ ಓಕ್ ಎಲ್ಲಿಂದ ತರೋದು ಅಂತ ತಲೆ ಕೆಡಿಸ್ಕೊಂಡಿದ್ದಾಗ ಕಾಲೇಜಿನ ಕಾಡು ನೋಡ್ಕೊಳ್ಳೋನು ಬಂದು "ನೀವು ಯಾವಾಗ ಕೇಳ್ತೀರಾ ಅಂತ ಕಾಯ್ತಿದ್ವಿ" ಅಂದನಂತೆ. ಹಾಲ್ ಕಟ್ಟಿದಾಗ್ಲೇ ಐನೂರು ವರ್ಷದ ನಂತರಕ್ಕೆ ಅಂತ ಮರ ನೆಟ್ಟಿದ್ರಂತೆ. ನಮ್ಮದು ನಾಲ್ಕು ತಲೆಮಾರಿನ ಮರಗೆಲಸ, ಈ ಕಥೆ ಕೇಳಿದಾಗೆಲ್ಲ ಮೈ ಜುಂ ಅನ್ನುತ್ತೆ.

ಅಲೆಮಾರಿ_ಅನಂತು
ಅಣ್ಣ, ಕಥೆ ಚೆನ್ನಾಗಿದೆ, ಆದ್ರೆ ಕಾಲೇಜೇ ಇದನ್ನ ಒಪ್ಪಲ್ಲ. ಸೂರು ಬದಲಾಯಿಸಿದ್ದು 1862ರಲ್ಲಿ ಹೌದು, ಕಾಲೇಜಿನ ಸ್ವಂತ ಜಮೀನಿನ ಓಕ್ ಬಳಸಿದ್ದೂ ಹೌದು. ಆದ್ರೆ ಆ ಕಾಡು ಕಾಲೇಜಿಗೆ ಸಿಕ್ಕಿದ್ದು 1441ರಲ್ಲಿ, ಹಾಲ್ ಕಟ್ಟಿ ಆದ್ಮೇಲೆ. ಈ ಹಾಲಿಗೇ ಅಂತ ಯಾರೂ ನೆಟ್ಟಿರ್ಲಿಲ್ಲ.

ಮರಗೆಲಸ_ಮನೆತನ
ಒಪ್ಕೊಂಡೆ ಅನಂತು ಅವ್ರೆ. ಹಾಗಿದ್ರೂ ಆ ಮರ ನಾನೂರು ವರ್ಷ ಬಿಟ್ಟವ್ರು ಯಾರೋ ಇರ್ಬೇಕಲ್ಲ?

ಅಲೆಮಾರಿ_ಅನಂತು
ಅದಕ್ಕೆ ಉತ್ತರ ಇದೆ, ಕಥೆಗಿಂತ ಚೆನ್ನಾಗಿದೆ. ಅಲ್ಲಿನ ಕಾಡು ನೋಡ್ಕೊಳ್ಳೋ ಪದ್ಧತಿನೇ ಹಂಗೆ. ಓಕ್ ಮಧ್ಯೆ ಹೇಝಲ್, ಆ್ಯಶ್ ಮರ ಬೆಳೆಸ್ತಾರೆ, ಅವನ್ನ ಇಪ್ಪತ್ತು ಇಪ್ಪತ್ತೈದು ವರ್ಷಕ್ಕೊಮ್ಮೆ ಬುಡದ ತನಕ ಕಡೀತಾರೆ, ಮತ್ತೆ ಚಿಗುರುತ್ತೆ. ಓಕ್ ಮಾತ್ರ ನೂರೈವತ್ತು ವರ್ಷ, ಅದಕ್ಕಿಂತ ಹೆಚ್ಚು ಬಿಡ್ತಾರೆ. ಯಾವ ಕಟ್ಟಡಕ್ಕೆ ಅಂತ ಗೊತ್ತಿಲ್ದೇನೇ ಪ್ರತಿ ತಲೆಮಾರೂ ಬಿಟ್ಟಿದೆ.

ಮರಗೆಲಸ_ಮನೆತನ
ಇದು ನಮ್ಮ ಕೆಲಸದವ್ರಿಗೆ ಅರ್ಥ ಆಗೋ ಮಾತು. ಧನ್ಯವಾದ.

ರಾತ್ರಿಪಾಳಿ
ಎಲ್ರೂ ರಾಜರು, ಕಲ್ಲು, ಮರ ಅಂತಿದೀರಾ. ನಾನು ನರ್ಸ್, ಆಕ್ಸ್‌ಫರ್ಡ್ ಅಂದ್ರೆ ನಂಗೆ ಪೆನಿಸಿಲಿನ್. ಫ್ಲೆಮಿಂಗ್ ಬೂಷ್ಟು ಕಂಡಿದ್ದು ಲಂಡನ್‌ನಲ್ಲಿ 1928ಕ್ಕೆ, ಅದನ್ನ ಔಷಧಿ ಮಾಡಿದ್ದು ಇಲ್ಲಿ, ಫ್ಲೋರಿ, ಚೈನ್, ಹೀಟ್ಲಿ. ಯುದ್ಧದ ಕಾಲ, ಪಾತ್ರೆ ಇಲ್ಲ, ಬೂಷ್ಟು ಬೆಳೆಸೋಕೆ ಆಸ್ಪತ್ರೆಯ ಬೆಡ್‌ಪ್ಯಾನ್ ಬಳಸಿದ್ರು. 1941ರ ಫೆಬ್ರವರೀಲಿ ಮೊದಲ ರೋಗಿ ಒಬ್ಬ ಪೊಲೀಸ್, ಮುಖ ಎಲ್ಲ ಸೋಂಕು. ಕೊಟ್ಟ ಕೂಡ್ಲೇ ಚೇತರಿಸ್ಕೊಂಡ. ಔಷಧಿ ಸಾಲ್ಲಿಲ್ಲ, ಅವನ ಮೂತ್ರದಿಂದ ಪೆನಿಸಿಲಿನ್ ಮತ್ತೆ ತೆಗೆದು ಅವನಿಗೇ ಕೊಟ್ರು, ಅದೂ ಮುಗೀತು, ಮಾರ್ಚ್‌ನಲ್ಲಿ ತೀರಿಕೊಂಡ. 1945ರ ನೊಬೆಲ್ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೆ, ಹೀಟ್ಲಿಗೆ ಇಲ್ಲ. 1990ರಲ್ಲಿ ಯೂನಿವರ್ಸಿಟಿ ಅವರಿಗೆ ಗೌರವ ವೈದ್ಯಕೀಯ ಡಾಕ್ಟರೇಟ್ ಕೊಡ್ತು, ವೈದ್ಯರಲ್ಲದವ್ರಿಗೆ ಅದು ಸಿಕ್ಕಿದ್ದು ಅದೇ ಮೊದಲು.

ಬೊಟಾನಿಕ್ ಗಾರ್ಡನ್ ಮುಂದೆನೇ ಪೆನಿಸಿಲಿನ್ ನೆನಪಿನ ಒಂದು ಗುಲಾಬಿ ತೋಟ ಇದೆ, ಕಲ್ಲಲ್ಲಿ ಬರೆದಿದೆ. ಬಾಗಿಲಿಲ್ಲ, ಟಿಕೆಟ್ ಇಲ್ಲ, ಜೂನ್‌ನಲ್ಲಿ ಹೂ ಬಿಟ್ಟಿರುತ್ತೆ. ದಯವಿಟ್ಟು ಅಲ್ಲಿ ಎರಡು ನಿಮಿಷ ನಿಂತು ಬನ್ನಿ.

ಕಪ್ಪುಹಲಗೆ
ವಿಜ್ಞಾನ ಬಂತಂದ್ರೆ ನಾನೂ ಹೇಳ್ತೀನಿ. ಬ್ರಾಡ್ ಸ್ಟ್ರೀಟಲ್ಲಿ ವಿಜ್ಞಾನ ಇತಿಹಾಸದ ಮ್ಯೂಸಿಯಂ, ಉಚಿತ. 1931ರಲ್ಲಿ ಐನ್‌ಸ್ಟೈನ್ ಉಪನ್ಯಾಸ ಕೊಟ್ಟಾಗ ಬರೆದ ಕಪ್ಪುಹಲಗೆ ಅಳಿಸದೆ ಇಟ್ಟಿದಾರೆ. ಮೂವತ್ತು ವರ್ಷ ಹಲಗೆ ಮುಂದೆ ನಿಂತ ಮೇಷ್ಟ್ರಿಗೆ ಅದು ತೋರಿಸ್ಲೇಬೇಕು. ನನ್ನ ಹೆಸರು ಯಾಕೆ ಇದು ಅಂತ ಈಗ ಗೊತ್ತಾಯ್ತಲ್ಲ.

ಕಡಲತಡಿ
ಊರಿನವ್ರಿಗೂ ಯೂನಿವರ್ಸಿಟಿಗೂ ದೊಡ್ಡ ಹೊಡೆದಾಟ ಆದದ್ದು ಯಾರೂ ಹೇಳ್ಲಿಲ್ಲ. ಅದು ಎಲ್ಲಿ?

ಓದುಮನೆ
ಕಾರ್‌ಫ್ಯಾಕ್ಸ್ ಸರ್ಕಲ್, ಊರಿನ ನಟ್ಟನಡುವೆ. 1355ರ ಫೆಬ್ರವರಿ 10, ಇಬ್ರು ವಿದ್ಯಾರ್ಥಿಗಳು ಹೆಂಡದಂಗಡೀಲಿ ವೈನ್ ಚೆನ್ನಾಗಿಲ್ಲ ಅಂತ ಜಗಳ ತೆಗೆದು ಮಾಲೀಕನ ಮುಖಕ್ಕೆ ಎರಚಿದ್ರು. ಎರಡೂ ಕಡೆ ಚರ್ಚ್ ಗಂಟೆ ಬಾರಿಸಿ ಜನ ಸೇರಿಸಿದ್ರು, ಹಳ್ಳಿಗಳಿಂದ ಬಿಲ್ಲು ಬಾಣ ಹಿಡ್ಕೊಂಡು ಬಂದ್ರು. ಮೂರು ದಿನ. 63 ಜನ ಯೂನಿವರ್ಸಿಟಿ ಕಡೆಯವ್ರು, ಊರಿನವ್ರು ಸುಮಾರು 30 ಜನ ಸತ್ರು. ರಾಜ ಯೂನಿವರ್ಸಿಟಿ ಪರ ನಿಂತ. ಊರಿನ ಮೇಯರ್ ಪ್ರತಿ ವರ್ಷ ಆ ದಿನ ಸೇಂಟ್ ಮೇರಿ ಚರ್ಚಿಗೆ ನಡ್ಕೊಂಡು ಬಂದು 63 ಪೆನ್ನಿ ತಪ್ಪೊಪ್ಪು ಕಾಣಿಕೆ ಸಲ್ಲಿಸ್ಬೇಕು ಅಂತ ಆಯ್ತು, ಅದು 1825ರ ತನಕ ನಡೀತು! 1955ರಲ್ಲಿ ಆರುನೂರು ವರ್ಷ ಆದಾಗ ಮೇಯರ್‌ಗೆ ಗೌರವ ಪದವಿ ಕೊಟ್ಟು ರಾಜಿ ಮಾಡ್ಕೊಂಡ್ರು.

ಜೋಳದಹೊಲ
ನಾಕನೂರಾ ಎಪ್ಪತ್ತು ವರ್ಷ ದಂಡ ತೆತ್ತಾರ. ಇದು ಅನ್ಯಾಯ ಅಂತೀನಿ ನಾ. ಮೊದಲ ವೈನ್ ಉಗ್ಗಿದವರು ಯಾರು?

ಹಳೇಸೈಕಲ್
ಜೋಳದಹೊಲ ಅವ್ರೆ, ನಾನು ಗೌನ್ ಹಾಕಿದ ಕಡೆಯವನಾದ್ರೂ ನಿಮ್ಮ ಮಾತೇ ಸರಿ. ಗೇಟಿಲ್ಲದ ಯೂನಿವರ್ಸಿಟಿ ಅಂತ ಚೆನ್ನಾಗಿ ಹೇಳ್ತೀವಿ, ಆದ್ರೆ ಆ ಕಾಲೇಜುಗಳ ಗೋಡೆ ಅಷ್ಟು ಎತ್ತರ ಇರೋದಕ್ಕೆ ಇಂಥ ಹೊಡೆದಾಟಗಳೂ ಕಾರಣ. 1209ರ ಗಲಾಟೇಲಿ ಹೆದರಿ ಓಡಿದವ್ರೇ ಕೇಂಬ್ರಿಡ್ಜ್ ಶುರು ಮಾಡಿದ್ದು.

ನಿಧಾನಸ್ಥೆ
ನಮ್ಮವರ ಗುರುತು ಹುಡುಕ್ತಾ ಹೋದವಳು ನಾನು, ಅದನ್ನೂ ಬರೀತೀನಿ. ಬ್ರಾಡ್ ಸ್ಟ್ರೀಟ್ ಪೂರ್ವದ ತುದೀಲಿ ತಲೆ ಎತ್ತಿ ನೋಡಿ, ಗಾಳಿ ದಿಕ್ಕು ತೋರಿಸೋ ಆನೆ ಕಾಣುತ್ತೆ. ಅದು ಹಳೇ ಇಂಡಿಯನ್ ಇನ್‌ಸ್ಟಿಟ್ಯೂಟ್, ಸಂಸ್ಕೃತ ಪ್ರೊಫೆಸರ್ ಮೋನಿಯರ್ ವಿಲಿಯಮ್ಸ್ ಕಟ್ಟಿಸಿದ್ದು. ಆ ಪ್ರೊಫೆಸರ್ ಹುದ್ದೆಗೆ 1860ರಲ್ಲಿ ಚುನಾವಣೆ ನಡೆದು ಮ್ಯಾಕ್ಸ್ ಮುಲ್ಲರ್ 610 ಮತ, ಮೋನಿಯರ್ ವಿಲಿಯಮ್ಸ್ 833 ಮತ. ಭಾರತಕ್ಕೆ ಒಮ್ಮೆನೂ ಬರದ ಮ್ಯಾಕ್ಸ್ ಮುಲ್ಲರ್ ಸಮಾಧಿ ಹೋಲಿವೆಲ್ ಸ್ಮಶಾನದಲ್ಲಿದೆ, ಗಿಡಗಂಟಿ ಮಧ್ಯೆ.

ರಾಧಾಕೃಷ್ಣನ್ 1936ರಿಂದ 1952ರ ತನಕ ಇಲ್ಲಿ ಪ್ರೊಫೆಸರ್, ಆಲ್ ಸೋಲ್ಸ್ ಕಾಲೇಜಿನ ಫೆಲೋ. ಸೋಮರ್‌ವಿಲ್ ಕಾಲೇಜಿಗೆ 1889ರಲ್ಲಿ ಬಂದ ಕಾರ್ನೀಲಿಯಾ ಸೊರಾಬ್ಜಿ 1892ರಲ್ಲಿ ಕಾನೂನು ಪರೀಕ್ಷೆ ಬರೆದ ಮೊದಲ ಹೆಂಗಸು. ಪಾಸಾದ್ರೂ ಡಿಗ್ರಿ ಕೊಡ್ಲಿಲ್ಲ, ಹೆಂಗಸರಿಗೆ ಡಿಗ್ರಿ ಶುರುವಾಗಿದ್ದೇ 1920ರಲ್ಲಿ. ಮೂವತ್ತು ವರ್ಷ ಕಾದು 1922ರಲ್ಲಿ ತಗೊಂಡ್ರು. ಪಟ್ಟಿ ಮಾಡೋರು ರಾಜರ ಹೆಸರೇ ಹೇಳ್ತಾರೆ, ಇವರ ಹೆಸರು ಹೇಳಲ್ಲ ಅನ್ನೋದು ನಂಗೆ ಬೇಸರ.

ಪಯಣಿಗ_07
ಗಿರೀಶ್ ಕಾರ್ನಾಡ್ ಹೆಸರು ಬಿಟ್ರಲ್ಲ! ರೋಡ್ಸ್ ಸ್ಕಾಲರ್ ಆಗಿ ಹೋಗಿ ಆಕ್ಸ್‌ಫರ್ಡ್ ಯೂನಿಯನ್ ಅನ್ನೋ ಅಲ್ಲಿನ ಚರ್ಚಾ ಸಂಘದ ಅಧ್ಯಕ್ಷರಾಗಿದ್ರು, ಅರವತ್ತರ ದಶಕದ ಶುರುವಲ್ಲಿ.

ಜೋಳದಹೊಲ
ಅದ ಅದ! ನಮ್ಮ ಧಾರವಾಡದಾಗ ಓದಿದ ಹುಡುಗ ಅಲ್ಲಿ ಹೋಗಿ ಅಧ್ಯಕ್ಷ. ಯೂನಿಯನ್ ಕಟ್ಟಡ ಕಾರ್ನ್‌ಮಾರ್ಕೆಟ್ ರಸ್ತೆ ಹಿಂದ ಐತ್ರಿ, ಹೊರಗಿಂದರ ತೋರಿಸ್ರಿ ಅಪ್ಪಾಜಿಗಿ.

ಹಳೇಸೈಕಲ್
ಕೊನೇದಾಗಿ ಒಂದು, ಇದನ್ನ ಬಿಡ್ಬೇಡಿ. ರಾತ್ರಿ ಒಂಬತ್ತು ಗಂಟೆ ಐದು ನಿಮಿಷಕ್ಕೆ ಕ್ರೈಸ್ಟ್ ಚರ್ಚ್‌ನ ಗ್ರೇಟ್ ಟಾಮ್ ಗಂಟೆ 101 ಸಲ ಬಾರಿಸುತ್ತೆ. ಮೊದಲಿದ್ದ 100 ವಿದ್ಯಾರ್ಥಿಗಳು, ಆಮೇಲೆ ಸೇರಿದ ಒಬ್ಬ, ಎಲ್ಲರೂ ಒಳಗೆ ಬನ್ನಿ ಬಾಗಿಲು ಹಾಕ್ತೀವಿ ಅಂತ. ಐದು ನಿಮಿಷ ತಡ ಯಾಕಂದ್ರೆ ಆಕ್ಸ್‌ಫರ್ಡ್ ಇರೋದು ಗ್ರೀನಿಚ್‌ಗಿಂತ ಒಂದೂಕಾಲು ಡಿಗ್ರಿ ಪಶ್ಚಿಮಕ್ಕೆ. ರೈಲು ಬಂದು ದೇಶಕ್ಕೆಲ್ಲ ಒಂದೇ ಸಮಯ ಆಗೋ ಮುಂಚಿನ ಸ್ಥಳೀಯ ಸಮಯ ಅದು. ಆ ಗಂಟೆ ಇನ್ನೂ ಬಿಟ್ಟಿಲ್ಲ.

ರಾತ್ರಿಪಾಳಿ
ಮಂಡಿನೋವಿರೋ ಹಿರಿಯರನ್ನ ಬೆಳಗ್ಗೆ ಹೊರಡಿಸಿ ರಾತ್ರಿ ಒಂಬತ್ತರ ತನಕ ನಿಲ್ಲಿಸ್ತೀರಾ? ನಾನು ಒಪ್ಪಲ್ಲ. ಆಮೇಲೆ ಲಂಡನ್‌ಗೆ ಒಂದು ಗಂಟೆ ಟ್ರೈನು. ಗಂಟೆ ಶಬ್ದ ಫೋನಲ್ಲೂ ಕೇಳ್ಬೋದು.

ಹಳೇಸೈಕಲ್
ಫೋನಲ್ಲಿ ಕೇಳೋದು ಕೇಳಿದ ಹಾಗಲ್ಲ ಅಕ್ಕ. ಮಧ್ಯಾಹ್ನಕ್ಕೆ ಹೊರಡ್ಲಿ, ತಡವಾಗಿ ಶುರು ಮಾಡ್ಲಿ. ಜೂನ್‌ನಲ್ಲಿ ಒಂಬತ್ತಕ್ಕೂ ಬೆಳಕಿರುತ್ತೆ.

ಸುಮಾ_ಪುಟಗಳು
ಎಲ್ಲ ಬರ್ಕೊಂಡೆ. ಹನ್ನೊಂದಕ್ಕೆ ಅಲ್ಲಿರೋ ಹಾಗೆ ಹೊರಡ್ತೀವಿ. ಸೇಂಟ್ ಮೇರಿ, ಡಿವಿನಿಟಿ ಸ್ಕೂಲ್, ಕಪ್ಪುಹಲಗೆ, ಊಟ, ಗುಲಾಬಿ ತೋಟ, ಸಂಜೆ ಈವನ್‌ಸಾಂಗ್. ರಾತ್ರಿಪಾಳಿ ಅಕ್ಕ, ಗಂಟೆ ವಿಷಯ ಅಪ್ಪನ ಮಂಡಿ ನೋಡಿ ತೀರ್ಮಾನ ಮಾಡ್ತೀನಿ, ಮಾತು ಕೊಡ್ತೀನಿ. ಬಂದ್ಮೇಲೆ ಬರೀತೀನಿ.

(ಮೂರು ವಾರದ ನಂತರ)

ಸುಮಾ_ಪುಟಗಳು
ಹೋಗಿ ಬಂದ್ವಿ. ಎಲ್ಲ ಆಗ್ಲಿಲ್ಲ, ಕಪ್ಪುಹಲಗೆ ತಪ್ಪಿಹೋಯ್ತು, ಕ್ಷಮಿಸಿ ಸರ್. ಯಾಕಂದ್ರೆ ಸೇಂಟ್ ಮೇರಿ ಚರ್ಚಲ್ಲೇ ಒಂದೂವರೆ ಗಂಟೆ ಆಯ್ತು. ಆ ಕಂಬ ನಂಗೆ ಸಿಗ್ಲಿಲ್ಲ, ಅಪ್ಪಂಗೆ ಸಿಕ್ತು. ಕಡಿದ ಜಾಗದ ಮೇಲೆ ಕೈ ಇಟ್ಕೊಂಡು ನಿಂತುಬಿಟ್ರು. ಆಮೇಲೆ ಬೆಂಚಲ್ಲಿ ಕೂತು "ರಿಫಾರ್ಮೇಶನ್ ಪಾಠ ಒಂದು ಪ್ಯಾರಾ ಇತ್ತು ಕಣೇ, ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ ಬರುತ್ತೆ ಅಂತ ಹೇಳಿ ಮುಂದೆ ಹೋಗ್ತಿದ್ದೆ" ಅಂದ್ರು. ಅಷ್ಟೇ, ಮತ್ತೆ ತುಂಬಾ ಹೊತ್ತು ಮಾತಾಡ್ಲಿಲ್ಲ.

ಡಿವಿನಿಟಿ ಸ್ಕೂಲ್‌ನ ಕಲ್ಲುಕಟ್ಟೆ ಮೇಲೆ ಕೂತು 455 ಎಣಿಸೋಕೆ ಶುರು ಮಾಡಿದ್ರು, ಅರವತ್ತಕ್ಕೆ ಬಿಟ್ರು. ಹೈ ಸ್ಟ್ರೀಟಲ್ಲಿ ಪರೀಕ್ಷೆ ಮುಗಿಸಿ ಬರ್ತಿದ್ದ ಮಕ್ಕಳ ಕಪ್ಪು ಗೌನ್ ಮೇಲೆ ಕಾರ್ನೇಶನ್ ಹೂ ಇತ್ತು. ಅಪ್ಪ ಒಬ್ಬ ಹುಡುಗೀನ ನಿಲ್ಲಿಸಿ ಕೇಳೇಬಿಟ್ರು. ಮೊದಲ ಪೇಪರ್‌ಗೆ ಬಿಳಿ, ಮಧ್ಯದವಕ್ಕೆ ತಿಳಿಗುಲಾಬಿ, ಕೊನೇದಕ್ಕೆ ಕೆಂಪು ಅಂತ ಹೇಳಿದ್ಲು. ಅವಳದ್ದು ಕೆಂಪು. ಅಪ್ಪ ಕನ್ನಡದಲ್ಲೇ "ಒಳ್ಳೇದಾಗ್ಲಿ ಮಗಳೇ" ಅಂದ್ರು, ಅವಳು ಥ್ಯಾಂಕ್ಯೂ ಅಂದ್ಲು. ಗುಲಾಬಿ ಬಿಟ್ಟಿತ್ತು, ರಾತ್ರಿಪಾಳಿ ಅಕ್ಕ, ನಿಮ್ಮ ಹೆಸರಲ್ಲಿ ಎರಡು ನಿಮಿಷ ನಿಂತ್ವಿ.

ರಾತ್ರಿಪಾಳಿ
ಅಯ್ಯೋ ಸುಮಾ, ಕಣ್ಣಲ್ಲಿ ನೀರು ಬಂತು. ಮಂಡಿ ಹೇಗಿತ್ತು? ಗಂಟೆ ಕೇಳೋಕೆ ನಿಂತ್ರಾ ಇಲ್ವಾ ಅದು ಹೇಳಿ ಮೊದಲು.

ಸುಮಾ_ಪುಟಗಳು
ಮಂಡಿ ಮಾರನೇ ದಿನ ಊದಿತ್ತು, ಐಸ್ ಇಟ್ವಿ, ಈಗ ಪರ್ವಾಗಿಲ್ಲ. ಏಳು ಗಂಟೆಗೆ ಹೊರಡೋಣ ಅಂತ ನಾನೇ ಅಂದೆ, ಅವರು ಕೇಳ್ಲಿಲ್ಲ. ಕ್ರೈಸ್ಟ್ ಚರ್ಚ್ ಎದುರಿನ ಫುಟ್‌ಪಾತಲ್ಲಿ ಒಂದು ಗಿಡ್ಡ ಗೋಡೆ ಮೇಲೆ ಕೂತು ಕಾದ್ವಿ. ಇಬ್ರೂ ಬೆರಳಲ್ಲಿ ಎಣಿಸಿದ್ವಿ. ನನ್ನದು 101 ಬಂತು, ಅಪ್ಪಂದು 99. ನೀನು ಎರಡು ಸಲ ಪ್ರತಿಧ್ವನಿ ಎಣಿಸಿದೀಯಾ ಅಂತ ಟ್ರೈನ್ ಪೂರ್ತಿ ವಾದ ಮಾಡಿದ್ರು. ಊರಿಗೆ ವಾಪಸ್ ಹೋದ್ಮೇಲೆ ಫೋನ್ ಮಾಡಿದಾಗ್ಲೂ ಅದೇ. ಮುಂದಿನ ಸಲ ಪೇಪರು ಪೆನ್ಸಿಲ್ ತಗೊಂಡು ಹೋಗೋಣ ಅಂತಿದಾರೆ.